ಆನ್‌ಲೈನ್ ಆಪ್ತಸಮಾಲೋಚನೆಗೆ ಬೇಕಿರುವುದು ಬಾಗಿಲು ಮುಚ್ಚಬಹುದಾದ ಒಂದು ಕೋಣೆ

ಮಾನ್ಯ ಸಂಪಾದಕರೇ,

ಕೆಲವು ವಾರಗಳ ಹಿಂದೆ ಇದೇ ಅಂಕಣದಲ್ಲಿ ಹಿರಿಯ ಓದುಗರೊಬ್ಬರು ಆನ್‌ಲೈನ್ ಆಪ್ತಸಮಾಲೋಚನೆಯ ಬಗ್ಗೆ ಬರೆಯುತ್ತ, ಮೊಬೈಲಿನ ಮುಂದೆ ಕುಳಿತು ಗುರುತು ಪರಿಚಯವಿಲ್ಲದವರೊಡನೆ ಮುಕ್ಕಾಲು ಗಂಟೆ ಮಾತನಾಡಿದ ಮಾತ್ರಕ್ಕೆ ಮನಸ್ಸಿನ ಕಾಯಿಲೆ ವಾಸಿಯಾಗುವುದಾದರೆ ಇಷ್ಟೊಂದು ಆಸ್ಪತ್ರೆಗಳೇಕೆ ಎಂದು ಕೇಳಿದ್ದರು. ಅವರ ಸಂದೇಹವನ್ನು ನಾನು ಹಗುರವಾಗಿ ಕಾಣುವುದಿಲ್ಲ; ಹಣ ಕೀಳುವ ಆ್ಯಪ್‌ಗಳ ಜಾಹೀರಾತುಗಳನ್ನು ನೋಡಿದ ಯಾರಿಗಾದರೂ ಅಂಥ ಸಂದೇಹ ಬರುವುದು ಸಹಜ. ಆದರೆ ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ಬದುಕುತ್ತಿರುವ ಕನ್ನಡಿಗರ ಮಟ್ಟಿಗೆ ಈ ವ್ಯವಸ್ಥೆಯಿಂದ ಆಗಬಹುದಾದ ಪ್ರಯೋಜನವನ್ನು ಅವರು ಗಮನಿಸಿಲ್ಲವೆಂದು ನನಗನ್ನಿಸಿತು. ಅದಕ್ಕೆ ಅಡ್ಡಿಯಾಗಿರುವ ಸಂಗತಿಯೂ ಅವರು ಹೇಳಿದ್ದಲ್ಲ, ಬೇರೆಯೇ ಇದೆ. ಆ ಅಡ್ಡಿಯನ್ನು ನಿವಾರಿಸುವ ಶಕ್ತಿ ನಮ್ಮ ಸಂಘ–ಸಂಸ್ಥೆಗಳಿಗೇ ಇರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಪತ್ರ ದೀರ್ಘವಾದುದಕ್ಕೆ ಕ್ಷಮೆಯಿರಲಿ.

ಮೊದಲಿಗೆ, ಬರೀ ಮಾತಿನಿಂದ ಏನಾಗುತ್ತದೆ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ, ಪಕ್ಕದ ಗೋವೆಯಲ್ಲೇ ಇದೆ. ಅಲ್ಲಿ 1996ರಿಂದ ಕೆಲಸ ಮಾಡುತ್ತಿರುವ ಸಂಗಾತ್ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುತ್ತಿದ್ದ ತೀವ್ರ ಖಿನ್ನತೆಯ ರೋಗಿಗಳ ಮೇಲೆ ಒಂದು ಅಧ್ಯಯನ ನಡೆಸಿದರು. ರೋಗಿಗಳೊಡನೆ ಆರರಿಂದ ಎಂಟು ಸಲ ಕುಳಿತು ಮಾತನಾಡಿದವರು ಮನೋವೈದ್ಯರಲ್ಲ. ಮಾನಸಿಕ ಆರೋಗ್ಯದ ಪದವಿಯಿಲ್ಲದ, ಆದರೆ ಕ್ರಮಬದ್ಧವಾದ ತರಬೇತಿ ಪಡೆದ ಸ್ಥಳೀಯರು. ಮೂರು ತಿಂಗಳ ಹೊತ್ತಿಗೆ ಹೀಗೆ ಸಮಾಲೋಚನೆ ದೊರೆತವರಲ್ಲಿ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರೆ, ಮಾಮೂಲಿ ಆರೈಕೆ ಮಾತ್ರ ಪಡೆದವರಲ್ಲಿ ಆ ಪ್ರಮಾಣ ಶೇ. 39 ಇತ್ತು. 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಸಂಚಿಕೆಯಲ್ಲಿ ಇದು ಅಚ್ಚಾಯಿತು. ಅಂದರೆ ಕ್ರಮವರಿತು ಆಡಿದ ಮಾತಿಗೆ, ಔಷಧಿಯಂತೆಯೇ, ಅಳೆದು ತೋರಿಸಬಹುದಾದ ಗುಣವಿದೆ. ದಿನಚರಿಯಲ್ಲಿ ಬಿಟ್ಟುಹೋದ ಸಣ್ಣಪುಟ್ಟ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯುವಂತೆ ಮಾಡುವುದು ಆ ಸಮಾಲೋಚನೆಯ ತಿರುಳಾಗಿತ್ತೇ ಹೊರತು ಉಪದೇಶವಲ್ಲ.

ಇನ್ನು, ಅದೇ ಮಾತು ಪರದೆಯ ಮೂಲಕ ನಡೆದರೆ ಅದರ ಗುಣ ಉಳಿಯುತ್ತದೆಯೇ ಎಂಬುದು ಎರಡನೆಯ ಪ್ರಶ್ನೆ. ಸ್ವೀಡನ್ನಿನ ಸಂಶೋಧಕರಾದ ಪೆರ್ ಕಾರ್ಲ್‌ಬ್ರಿಂಗ್, ಗೆರ್ಹಾರ್ಡ್ ಆಂಡರ್ಸನ್ ಮತ್ತು ಅವರ ಸಂಗಡಿಗರು 2018ರಲ್ಲಿ ಇಂಥ 20 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಚಿಕಿತ್ಸಕರ ಮಾರ್ಗದರ್ಶನದೊಂದಿಗೆ ಅಂತರ್ಜಾಲದ ಮೂಲಕ ನಡೆಸಿದ, ಯೋಚನೆ ಮತ್ತು ವರ್ತನೆಯ ರೀತಿಯನ್ನು ತಿದ್ದಿಕೊಳ್ಳಲು ಕಲಿಸುವ ಸಿಬಿಟಿ ಎಂಬ ಪದ್ಧತಿಯ ಚಿಕಿತ್ಸೆಯನ್ನು, ಎದುರಾ ಬದುರು ಕುಳಿತು ಪಡೆದ ಅದೇ ಚಿಕಿತ್ಸೆಗೆ ಹೋಲಿಸಿದಾಗ, ಫಲಿತಾಂಶದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಖಿನ್ನತೆ, ಗಾಬರಿಯ ಆಘಾತ, ಜನರೆದುರು ನಿಲ್ಲುವ ಭಯ, ನಿದ್ರಾಹೀನತೆ ಮೊದಲಾದ ತೊಂದರೆಗಳು ಆ ಅಧ್ಯಯನಗಳಲ್ಲಿದ್ದವು. ಎಲ್ಲ ಬಗೆಯ ಮನೋರೋಗಕ್ಕೂ ಈ ಮಾತನ್ನು ಹಿಗ್ಗಿಸಬಾರದು; ಯಾವುದಕ್ಕೆ ಸಲ್ಲದು ಎಂಬುದನ್ನು ಮುಂದೆ ಹೇಳುತ್ತೇನೆ. ಆದರೆ ನಮ್ಮ ನಡುವೆ ಹೆಚ್ಚಾಗಿ ಕಾಣುವ ಖಿನ್ನತೆ ಮತ್ತು ಆತಂಕಗಳ ಮಟ್ಟಿಗೆ ಆನ್‌ಲೈನ್ ಚಿಕಿತ್ಸೆಯೆಂದರೆ ಎರಡನೆಯ ದರ್ಜೆಯದೆಂಬ ಭಾವನೆಗೆ ಆಧಾರವಿಲ್ಲ.

ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಹಳ್ಳಿಗಳಿಗಿಂತ ಮಹಾನಗರಗಳಲ್ಲಿ ಆ ಪ್ರಮಾಣ ಹೆಚ್ಚು. ತೊಂದರೆಯಿದ್ದೂ ಚಿಕಿತ್ಸೆ ಪಡೆಯದವರು, ಕಾಯಿಲೆಗೆ ತಕ್ಕಂತೆ, ಶೇ. 70ರಿಂದ 92. ಲಕ್ಷ ಜನರಿಗೆ ಮೂವರು ಮನೋವೈದ್ಯರಾದರೂ ಇರಬೇಕೆನ್ನುವಲ್ಲಿ ದೇಶದಲ್ಲಿರುವುದು 0.75. ಇದು ದೇಶದ ಒಟ್ಟಾರೆ ಕೊರತೆ. ಆದರೆ ಮುಂಬಯಿಯ ಕನ್ನಡಿಗರ ಕೊರತೆ ಬೇರೆ ಬಗೆಯದು. ನಗರದಲ್ಲಿ ನುರಿತ ಮನೋವೈದ್ಯರಿಗೂ ಆಪ್ತಸಮಾಲೋಚಕರಿಗೂ ಬರವಿಲ್ಲ; ಅವರಲ್ಲಿ ಕನ್ನಡ ಬಲ್ಲವರು ವಿರಳ. ನಲವತ್ತು ವರ್ಷ ಇಲ್ಲಿ ಬದುಕಿದವರು ಮರಾಠಿಯಲ್ಲಿ ವ್ಯಾಪಾರ ಮಾಡಬಲ್ಲರು, ಹಿಂದಿಯಲ್ಲಿ ಜಗಳವಾಡಬಲ್ಲರು, ಬ್ಯಾಂಕಿನಲ್ಲಿ ಇಂಗ್ಲಿಷ್ ಅರ್ಜಿ ತುಂಬಬಲ್ಲರು. ಆದರೆ ತೀರಿಹೋದ ತಾಯಿಯ ಬಗ್ಗೆ, ಊರಿನ ಜಮೀನಿನ ವ್ಯಾಜ್ಯದಲ್ಲಿ ಮಾತು ಬಿಟ್ಟ ಅಣ್ಣನ ಬಗ್ಗೆ, ಮದುವೆಯಾಗಿ ಬಂದ ಮೊದಲ ವರ್ಷ ಅತ್ತೆಮನೆಯಲ್ಲಿ ಕೇಳಬೇಕಾಗಿ ಬಂದ ಮಾತಿನ ಬಗ್ಗೆ ಆ ಭಾಷೆಗಳಲ್ಲಿ ಹೇಳತೊಡಗಿದರೆ ವಿಷಯ ಮಾತ್ರ ಹೊರಗೆ ಬರುತ್ತದೆ, ನೋವು ಒಳಗೇ ಉಳಿಯುತ್ತದೆ. ನಮ್ಮ ಹೆಂಗಸರಲ್ಲಿ ಬಹುಮಂದಿ ದುಃಖವನ್ನು ದುಃಖವೆಂದು ಹೇಳುವುದೇ ಇಲ್ಲ. ತಲೆ ಭಾರ, ಎದೆ ಡವಗುಟ್ಟುತ್ತದೆ, ಊಟ ಸೇರುವುದಿಲ್ಲ ಎಂದು ಫ್ಯಾಮಿಲಿ ಡಾಕ್ಟರರ ಬಳಿ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು, ಎಲ್ಲವೂ ಸರಿಯಾಗಿದೆ ಎಂಬ ವರದಿ ಹಿಡಿದು ಮನೆಗೆ ಬರುತ್ತಾರೆ. ಆ ಮಾತುಗಳ ಹಿಂದೆ ಏನಿದೆಯೆಂದು ಊಹಿಸಲು ಅದೇ ನೆಲದ ನುಡಿಗೆ ಪಳಗಿದ ಕಿವಿ ಬೇಕು.

ಅಂಥ ಕಿವಿಗಳು ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಮಂಗಳೂರಿನಲ್ಲಿ, ಧಾರವಾಡದಲ್ಲಿ ಇವೆ. ವಾರಕ್ಕೊಮ್ಮೆ ಮತ್ಸ್ಯಗಂಧ ರೈಲು ಹತ್ತಿ ಮಂಗಳೂರಿಗೆ ಹೋಗಿಬರಲು ಯಾರಿಂದಲೂ ಆಗದು. ಕುಂದಾಪುರದ ಕಡೆಯವರಿಗೆ ಕರಾವಳಿಯ ಆಪ್ತಸಮಾಲೋಚಕರು, ಕಲಬುರಗಿ–ವಿಜಯಪುರದಿಂದ ಬಂದು ಕಟ್ಟಡ ಕೆಲಸದಲ್ಲಿರುವವರಿಗೆ ಆ ಭಾಗದ ಮಾತು ಬಲ್ಲವರು ಫೋನಿನಲ್ಲಿ ಸಿಗುವುದಾದರೆ ಅದು ಪರವೂರಿನಲ್ಲಿರುವವರಿಗೆ ದೊರೆತ ದೊಡ್ಡ ಅನುಕೂಲವೆಂದೇ ನನ್ನ ಭಾವನೆ. ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ನಿಂತು ಹೋಗಿ, ಕೆಲಸ ಮುಗಿಸಿ, ನಿಂತೇ ಮರಳುವವರಿಗೆ ಸಂಜೆ ಮತ್ತೆ ದಾದರಿನಲ್ಲೋ ಮುಲುಂಡಿನಲ್ಲೋ ಇಳಿದು ಕ್ಲಿನಿಕ್ ಹುಡುಕುವ ತ್ರಾಣ ಇರುವುದಿಲ್ಲ. ಹೋಟೆಲುಗಳಲ್ಲಿ ಕೆಲಸ ಮಾಡುವವರಿಗೆ ಬಿಡುವು ಸಿಗುವುದೇ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಕಾಫಿ–ತಿಂಡಿ ಶುರುವಾಗುವ ನಡುವಿನ ಹೊತ್ತಿನಲ್ಲಿ. ಆ ಹೊತ್ತಿನಲ್ಲಿ ಅವರು ಎಲ್ಲಿಗೂ ಹೋಗಿಬರಲಾರರು, ಆದರೆ ಕುಳಿತಲ್ಲೇ ಮಾತನಾಡಬಲ್ಲರು.

ಇದಲ್ಲದೆ ನಾವು ಬಾಯಿಬಿಟ್ಟು ಹೇಳದ ಒಂದು ಅನುಕೂಲವೂ ಇದರಲ್ಲಿದೆ. ಮುಂಬಯಿ ಎಷ್ಟು ದೊಡ್ಡದಾದರೂ ಇಲ್ಲಿನ ಕನ್ನಡಿಗರ ಲೋಕ ಚಿಕ್ಕದು. ಒಂದು ಮದುವೆಯಲ್ಲಿ, ಒಂದು ಯಕ್ಷಗಾನದಲ್ಲಿ, ಒಂದು ಸತ್ಯನಾರಾಯಣ ಪೂಜೆಯಲ್ಲಿ ಅರ್ಧದಷ್ಟು ಜನ ಪರಿಚಿತರೇ. ಅಕಸ್ಮಾತ್ ಇಲ್ಲಿಯೇ ಒಬ್ಬ ಕನ್ನಡಿಗ ಆಪ್ತಸಮಾಲೋಚಕರು ಸಿಕ್ಕರೂ ಅವರು ನಮ್ಮ ಷಡ್ಡಕರ ನೆರೆಯವರೋ, ಮಗಳಿಗೆ ನೋಡುತ್ತಿರುವ ಸಂಬಂಧದ ಕಡೆಯವರೋ ಆಗಿರುವ ಸಂಭವ ಕಡಿಮೆಯಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ತನ್ನ 23ನೆಯ ಸೆಕ್ಷನ್ನಿನಲ್ಲಿ ರೋಗಿಯ ಗೌಪ್ಯತೆಯನ್ನು ಹಕ್ಕೆಂದು ಘೋಷಿಸಿದೆ, ವೃತ್ತಿಪರರು ಅದನ್ನು ಪಾಲಿಸುತ್ತಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ರೋಗಿಯ ಮನಸ್ಸಿನ ಅಳುಕು ಕಾಯ್ದೆಯಿಂದ ಹೋಗುವಂಥದ್ದಲ್ಲ. ಧಾರವಾಡದಲ್ಲಿ ಕುಳಿತವರಿಗೆ ನಮ್ಮ ಭಾಷೆ ಗೊತ್ತು, ನಮ್ಮ ಮನೆತನ ಗೊತ್ತಿಲ್ಲ. ಬೇಕಿರುವುದು ಅಂಥದೇ ಆಪ್ತತೆ.

ನನ್ನ ಪತ್ನಿಯ ಒಪ್ಪಿಗೆ ಪಡೆದು ನಮ್ಮ ಮನೆಯ ಸಂಗತಿಯನ್ನು ಇಲ್ಲಿ ಹೇಳುತ್ತೇನೆ. ಆಕೆಯ ಅಕ್ಕ ತೀರಿಕೊಂಡ ಮೇಲೆ ಆಕೆಗೆ ನಿದ್ದೆ ಹೋಯಿತು, ದೇವರ ಪೂಜೆಯಲ್ಲೂ ಅಡುಗೆಯಲ್ಲೂ ಆಸಕ್ತಿ ಹೋಯಿತು. ಹತ್ತಿರದ ಮನೋವೈದ್ಯರು ಪರೀಕ್ಷಿಸಿ ಔಷಧಿ ಕೊಟ್ಟರು, ನಿದ್ದೆ ಮರಳಿತು. ಸಮಾಲೋಚನೆಯೂ ಬೇಕೆಂದು ಅವರೇ ಸೂಚಿಸಿದರು. ಆಸ್ಪತ್ರೆಯ ಆಪ್ತಸಮಾಲೋಚಕಿ ಸಜ್ಜನರೇ, ಆದರೆ ಮಾತುಕತೆ ಹಿಂದಿಯಲ್ಲಿ. ಅಕ್ಕತಂಗಿಯರ ಬಾಲ್ಯವನ್ನು ಹಿಂದಿಗೆ ತಂದು ಹೇಳುವಷ್ಟರಲ್ಲಿ ಆಕೆ ಸುಸ್ತಾಗಿಬಿಡುತ್ತಿದ್ದಳು. ಅನಂತರ ವೈದ್ಯರಿಗೆ ತಿಳಿಸಿಯೇ ಮೈಸೂರಿನ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರೊಡನೆ ವಿಡಿಯೊ ಕರೆಯ ಮೂಲಕ ವಾರಕ್ಕೊಂದು ಸೆಷನ್ ಗೊತ್ತುಮಾಡಿದೆವು. ಅವರು ಮೊದಲ ದಿನ ಕೇಳಿದ ಪ್ರಶ್ನೆ ರೋಗದ ಬಗ್ಗೆ ಅಲ್ಲ, ಕೋಣೆಯ ಬಗ್ಗೆ: ನೀವು ಕುಳಿತಿರುವಲ್ಲಿ ನಿಮ್ಮ ಮಾತು ಬೇರೆ ಯಾರಿಗಾದರೂ ಕೇಳಿಸುತ್ತದೆಯೇ ಎಂದು. ನಮ್ಮದು ಒಂದು ಬೆಡ್‌ರೂಮಿನ ಮನೆ. ಹಾಲಿನಲ್ಲಿ ನಾನು ಕೆಮ್ಮಿದರೂ ಒಳಗೆ ಕೇಳುತ್ತದೆ. ಹೀಗಾಗಿ ಆ ಹೊತ್ತಿಗೆ ನನ್ನನ್ನು ಮನೆಯಿಂದ ಹೊರಗೆ ಕಳಿಸುವುದು ಚಿಕಿತ್ಸೆಯ ಅಂಗವಾಯಿತು. ಪತ್ರಿಕೆ ಹಿಡಿದು ಸ್ಟೇಷನ್ ಪಕ್ಕದ ಬೆಂಚಿನಲ್ಲಿ ಕುಳಿತು, ಸಂಪಾದಕೀಯದಿಂದ ಹಿಡಿದು ವಧೂವರರ ಅಂಕಣದವರೆಗೆ ಓದಿ ಮರಳುತ್ತಿದ್ದೆ. ನಿವೃತ್ತನಾದ ನನಗೆ ಅದು ಕಷ್ಟವಾಗಲಿಲ್ಲ. ಮಕ್ಕಳು, ಸೊಸೆ, ಅತ್ತೆ–ಮಾವ ಎಲ್ಲರೂ ಇರುವ ಮನೆಯಲ್ಲಿ ಇದು ನಡೆಯುವ ಮಾತಲ್ಲ.

ಮುಂಬಯಿಯಲ್ಲಿ ನೆಟ್‌ವರ್ಕ್ ಇದೆ, ಮೊಬೈಲ್ ಇಲ್ಲದವರಿಲ್ಲ. ಇಲ್ಲದಿರುವುದು ಒಂದು ಗಂಟೆ ಒಬ್ಬರೇ ಕುಳಿತುಕೊಳ್ಳುವ ಜಾಗ. ಚಾಳಿನ ಖೋಲಿಯಲ್ಲಿ, ರೂಮ್–ಕಿಚನ್ ಮನೆಯಲ್ಲಿ, ಹೋಟೆಲಿನ ಮಾಳಿಗೆಯ ಮೇಲೆ ಹತ್ತು ಮಂದಿ ಸಾಲಾಗಿ ಮಲಗುವಲ್ಲಿ, ಸೊಸೆ ಅತ್ತೆಯ ಬಗ್ಗೆಯೋ ಹುಡುಗ ಮಾಲೀಕನ ಬಗ್ಗೆಯೋ ಬಾಯಿಬಿಡುವುದು ಹೇಗೆ? ಜನ ತಮಗೆ ತೋಚಿದ ಉಪಾಯ ಮಾಡಿಕೊಳ್ಳುತ್ತಾರೆ: ಕಟ್ಟಡದ ಟೆರೇಸು, ನಿಲ್ಲಿಸಿದ ಕಾರು, ಆಫೀಸಿನ ಮೆಟ್ಟಿಲು, ತೋಟದ ಮೂಲೆ. ಇಯರ್‌ಫೋನ್ ಹಾಕಿಕೊಂಡರೆ ಆಚೆಯವರ ಮಾತು ಅಡಗುತ್ತದೆ, ನಮ್ಮದು ಅಡಗುವುದಿಲ್ಲ. ಕೋಣೆಯ ಹೊರಗೆ ಟಿವಿಯನ್ನೋ ಫ್ಯಾನನ್ನೋ ಹಾಕಿಟ್ಟರೆ ಒಳಗಿನ ಮಾತು ಸ್ವಲ್ಪ ಮರೆಯಾಗುತ್ತದೆ. ಯಾರಾದರೂ ಹಠಾತ್ತನೆ ಒಳಗೆ ಬಂದರೆ ಹೇಳಬೇಕಾದ ಒಂದು ಸಂಕೇತದ ಮಾತನ್ನು ಚಿಕಿತ್ಸಕರೊಡನೆ ಮೊದಲೇ ಗೊತ್ತುಮಾಡಿಕೊಳ್ಳಬಹುದು. ಅಡುಗೆ ಗ್ಯಾಸಿನ ಬುಕಿಂಗ್ ಬಗ್ಗೆ ಕೇಳಿದರೆ ವಿಷಯ ಬದಲಿಸಬೇಕು ಎಂಬಂತೆ. ಮಾತನಾಡಲು ಸಾಧ್ಯವೇ ಇಲ್ಲದ ದಿನ ಬರಹದ ಚಾಟ್ ಮೂಲಕ ಮುಂದುವರಿಸುವವರೂ ಇದ್ದಾರೆ, ಆದರೆ ಮುಖ–ಧ್ವನಿಗಳಿಲ್ಲದ ಚಾಟ್ ಅಷ್ಟರಮಟ್ಟಿಗೆ ಬಡವೇ. ಇವೆಲ್ಲ ತಾತ್ಕಾಲಿಕ ಏರ್ಪಾಡುಗಳು. ಇದಕ್ಕೆ ನಾನು ಸೂಚಿಸುವ ಪರಿಹಾರವನ್ನು ಹೇಳುವ ಮೊದಲು, ಈ ದಾರಿ ಹಿಡಿಯುವವರು ತಿಳಿದಿರಬೇಕಾದ ಕೆಲವು ವ್ಯಾವಹಾರಿಕ ಸಂಗತಿಗಳನ್ನು ಹೇಳಬೇಕು.

ಆಚೆ ಬದಿಯಲ್ಲಿ ಕುಳಿತವರು ಯಾರು ಎಂಬುದು ಎಲ್ಲಕ್ಕಿಂತ ಮುಖ್ಯ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಪರಿಣತಿ ಪಡೆದವರು. ವೈದ್ಯಕೀಯ ಪರಿಷತ್ತಿನಲ್ಲಿ ಅವರ ನೋಂದಣಿ ಇರುತ್ತದೆ, ಔಷಧಿ ಬರೆಯುವ ಅಧಿಕಾರವಿರುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟರು ಔಷಧಿ ಬರೆಯುವುದಿಲ್ಲ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನ ಕೇಂದ್ರೀಯ ರಿಜಿಸ್ಟರಿನಲ್ಲಿ ನೋಂದಾಯಿಸಿಕೊಂಡಿರಬೇಕು, ಆ ಸಂಖ್ಯೆಯನ್ನು ಕೇಳಿ ಪರಿಷತ್ತಿನ ಜಾಲತಾಣದಲ್ಲಿ ತಾಳೆ ನೋಡಬಹುದು. ತೊಡಕು ಇರುವುದು ಆಪ್ತಸಮಾಲೋಚಕರು ಎಂಬ ಹೆಸರಿನಲ್ಲಿ. ಮನಶ್ಶಾಸ್ತ್ರದಲ್ಲಿಯೋ ಸಮಾಜಕಾರ್ಯದಲ್ಲಿಯೋ ಸ್ನಾತಕೋತ್ತರ ಪದವಿ ಪಡೆದು ವರ್ಷಗಟ್ಟಲೆ ಹಿರಿಯರ ಕೈಕೆಳಗೆ ಪಳಗಿದವರೂ ಆ ಹೆಸರಿನಲ್ಲಿದ್ದಾರೆ, ವಾರಾಂತ್ಯದ ಕೋರ್ಸು ಮಾಡಿ ಇನ್‌ಸ್ಟಾಗ್ರಾಮಿನಲ್ಲಿ ಅಂಗಡಿ ತೆರೆದವರೂ ಇದ್ದಾರೆ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಇಂಥ ವೃತ್ತಿಗಳನ್ನು ತನ್ನ ವ್ಯಾಪ್ತಿಗೆ ತಂದಿದ್ದರೂ, ವೈದ್ಯರ ನೋಂದಣಿಯಷ್ಟು ಬಿಗಿ ಇಲ್ಲಿ ಇನ್ನೂ ಕಾಣುತ್ತಿಲ್ಲ. ಆದ್ದರಿಂದ ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿರಿ, ಯಾವ ತೊಂದರೆಗಳನ್ನು ನೋಡುತ್ತೀರಿ, ನಿಮ್ಮ ಕೈಮೀರಿದಾಗ ಯಾರ ಬಳಿ ಕಳಿಸುತ್ತೀರಿ ಎಂದು ಮೊದಲ ಭೇಟಿಯಲ್ಲಿಯೇ ಕೇಳಬೇಕು. ಕೇಳಿದ್ದಕ್ಕೆ ಮುನಿಸಿಕೊಳ್ಳುವವರಿಂದ ದೂರವಿರುವುದು ಕ್ಷೇಮ.

ಫೋನಿನ ಮೂಲಕ ಔಷಧಿ ಬರೆಸಿಕೊಳ್ಳುವುದು ಕಾನೂನಿಗೆ ವಿರುದ್ಧವೆಂದು ಆ ಓದುಗರು ಬರೆದಿದ್ದರು. ಅದು ಸರಿಯಲ್ಲ. ದೇಶದಲ್ಲಿ ಲಾಕ್‌ಡೌನ್ ಜಾರಿಗೆ ಬಂದ 2020ರ ಮಾರ್ಚ್ 25ರಂದೇ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ಮಾರ್ಗಸೂಚಿಯನ್ನು ಪ್ರಕಟಿಸಿತು. ಅದರಂತೆ ನೋಂದಾಯಿತ ವೈದ್ಯರು ದೇಶದ ಯಾವ ಮೂಲೆಯ ರೋಗಿಗೂ ದೂರದಿಂದ ಚಿಕಿತ್ಸೆ ನೀಡಬಹುದು. ತಮ್ಮ ನೋಂದಣಿ ಸಂಖ್ಯೆಯನ್ನು ಚೀಟಿಯಲ್ಲಿಯೂ ರಸೀದಿಯಲ್ಲಿಯೂ ನಮೂದಿಸಬೇಕು, ದಾಖಲೆ ಇಡಬೇಕು. ಆದರೆ ಬಿಗಿ ನಿಯಂತ್ರಣದ ಔಷಧಿಗಳ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ನಲ್ಲಿರುವ ಔಷಧಿಗಳನ್ನೂ ಮಾದಕ ಮತ್ತು ಮನೋಪ್ರಭಾವಿ ವಸ್ತುಗಳ ಕಾಯ್ದೆಯಡಿ ಬರುವ ಔಷಧಿಗಳನ್ನೂ ಹೀಗೆ ಬರೆಯುವಂತಿಲ್ಲ. ಕೃತಕ ಬುದ್ಧಿಮತ್ತೆಯ ಯಂತ್ರಗಳು ರೋಗಿಗೆ ತಾವಾಗಿ ಸಲಹೆ ಕೊಡುವಂತೆಯೂ ಇಲ್ಲ, ಔಷಧಿ ಸೂಚಿಸುವಂತೆಯೂ ಇಲ್ಲ ಎಂದು ಅದೇ ಮಾರ್ಗಸೂಚಿ ಹೇಳಿರುವುದನ್ನು, ಇರುಳೆಲ್ಲ ಚಾಟ್‌ಬಾಟ್‌ನೊಡನೆ ಮನಸ್ಸು ತೋಡಿಕೊಳ್ಳುತ್ತಿರುವ ನಮ್ಮ ಮನೆಯ ಹುಡುಗ–ಹುಡುಗಿಯರ ಗಮನಕ್ಕೆ ತರಬೇಕು. ಅಮೆರಿಕದ ಇಲಿನಾಯ್ ರಾಜ್ಯವಂತೂ 2025ರಲ್ಲಿ ಯಂತ್ರಗಳು ಥೆರಪಿ ನಡೆಸುವುದನ್ನು ಕಾನೂನಿನಿಂದಲೇ ತಡೆದಿದೆ. ಯಂತ್ರ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಒಳ್ಳೆಯ ಚಿಕಿತ್ಸಕರು ಒಪ್ಪದಿರಬೇಕಾದಲ್ಲಿ ಒಪ್ಪುವುದಿಲ್ಲ.

ಆ್ಯಪ್‌ಗಳ ವಿಚಾರದಲ್ಲಿ ಎಚ್ಚರ ಅಗತ್ಯ. ಬೆಟರ್‌ಹೆಲ್ಪ್ ಎಂಬ ಅಮೆರಿಕದ ದೊಡ್ಡ ಆನ್‌ಲೈನ್ ಥೆರಪಿ ಕಂಪನಿ, ಗೌಪ್ಯವಾಗಿಡುತ್ತೇವೆಂದು ಮಾತು ಕೊಟ್ಟು ಪಡೆದ ಗ್ರಾಹಕರ ಆರೋಗ್ಯ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮೊದಲಾದ ಕಂಪನಿಗಳೊಡನೆ ಹಂಚಿಕೊಂಡಿತೆಂದು ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ಆಪಾದಿಸಿತು. ಕಂಪನಿ 78 ಲಕ್ಷ ಡಾಲರ್ ತೆತ್ತು ಪ್ರಕರಣ ಮುಗಿಸಿಕೊಳ್ಳಬೇಕಾಯಿತು. ನಮ್ಮಲ್ಲಿ ಅದೇ ವರ್ಷ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಕಾಯ್ದೆ ತನ್ನ ಕೆಲಸ ಮಾಡಲಿ. ನಾವು ಮಾತ್ರ ಉಚಿತ ಪರೀಕ್ಷೆ ಎಂದು ಕೇಳುವ ಪ್ರಶ್ನಾವಳಿಗಳಿಗೆಲ್ಲ ಮನೆಯ ಗುಟ್ಟು ತುಂಬಿಕೊಡುವ ಮೊದಲು ಯೋಚಿಸುವುದು ಒಳ್ಳೆಯದು. ಆ್ಯಪ್‌ಗಿಂತ, ಹೆಸರು ಮತ್ತು ನೋಂದಣಿ ಗೊತ್ತಿರುವ ಒಬ್ಬ ವ್ಯಕ್ತಿಯನ್ನು ನೇರವಾಗಿ ಗೊತ್ತುಮಾಡಿಕೊಳ್ಳುವುದು ನನ್ನ ಮಟ್ಟಿಗೆ ಹೆಚ್ಚು ಭದ್ರ. ಕರೆ ಕಡಿದುಹೋದರೆ ಯಾರು ಮರಳಿ ಮಾಡುವುದು, ಸೆಷನ್ ರದ್ದುಮಾಡಲು ಎಷ್ಟು ಮುಂಚೆ ತಿಳಿಸಬೇಕು, ರೆಕಾರ್ಡ್ ಮಾಡುತ್ತಾರೆಯೇ ಎಂಬುದೆಲ್ಲ ಹಣ ಕಳಿಸುವ ಮುಂಚೆಯೇ ಇತ್ಯರ್ಥವಾಗಿರಲಿ.

ಹಣದ ಮಾತು ಬಂದದ್ದರಿಂದ ಹೇಳುತ್ತೇನೆ. ಖಾಸಗಿ ಸೆಷನ್ನಿನ ಶುಲ್ಕ ಹೋಟೆಲ್ ಕೆಲಸದವರ ಕೈಗೆ ಎಟಕುವಂಥದ್ದಲ್ಲ. 2017ರ ಕಾಯ್ದೆಯು ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗಳಿಗೂ ವಿಮೆ ಒದಗಿಸಬೇಕೆಂದು ವಿಧಿಸಿದೆಯಾದರೂ, ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಸಮಾಲೋಚನೆಗೆ ಸಾಮಾನ್ಯ ಪಾಲಿಸಿಗಳಿಂದ ಹಣ ಹುಟ್ಟುವುದು ಅಪರೂಪ. ಆದಾಯ ನೋಡಿ ಶುಲ್ಕ ಇಳಿಸುವ ಚಿಕಿತ್ಸಕರು ಇದ್ದಾರೆ, ಸಂಕೋಚಪಡದೆ ಕೇಳಬೇಕು. ಇದಕ್ಕಿಂತ ಮುಖ್ಯವಾಗಿ, ಸಂಪೂರ್ಣ ಉಚಿತವಾದ ಟೆಲಿ ಮಾನಸ್ ಸೇವೆಯಿದೆ. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದೇ, ಆರಂಭವಾದ ಈ ಸರ್ಕಾರಿ ಸೇವೆಯ ಸಂಖ್ಯೆ 14416. ಹಗಲಿರುಳೂ ನಡೆಯುತ್ತದೆ, ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಕರೆ ಮಾಡಿದವರು ತಮಗೆ ಬೇಕಾದ ಭಾಷೆಯನ್ನು ಆಯ್ದುಕೊಳ್ಳಬಹುದು, ಆ ಭಾಷೆಗಳಲ್ಲಿ ಕನ್ನಡವೂ ಒಂದು. ಮೊದಲು ತರಬೇತಾದ ಆಪ್ತಸಮಾಲೋಚಕರು ಮಾತನಾಡುತ್ತಾರೆ. ಅಗತ್ಯ ಕಂಡರೆ ಮನೋವೈದ್ಯರಿಗೋ ಹತ್ತಿರದ ಆಸ್ಪತ್ರೆಗೋ ದಾಟಿಸುತ್ತಾರೆ. ವಾರಾವಾರ ಒಬ್ಬರೇ ಚಿಕಿತ್ಸಕರೊಡನೆ ಮುಂದುವರಿಯುವ ಥೆರಪಿಯ ಸ್ಥಾನವನ್ನು ಇದು ತುಂಬಲಾರದು, ಆದರೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದವರಿಗೆ ಇದಕ್ಕಿಂತ ಸುಲಭವಾದ ಬಾಗಿಲಿಲ್ಲ. ನಗರದಲ್ಲಿ ದೇವನಾರಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು 2012ರಲ್ಲಿ ಆರಂಭಿಸಿದ ಐಕಾಲ್ ಎಂಬ ಸಹಾಯವಾಣಿಯೂ ಇದೆ. ಫೋನಿನಲ್ಲಿ ಮಾತನಾಡಲಾಗದವರಿಗೆ ಇಮೇಲ್ ಮೂಲಕ ಬರೆಯುವ ಅವಕಾಶವನ್ನೂ ಅದು ಕಲ್ಪಿಸಿತು.

ಯಾವುದಕ್ಕೆ ಪರದೆ ಸಲ್ಲದು ಎಂಬುದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಸಾಯುವ ಮಾತನ್ನಾಡುತ್ತಿರುವವರನ್ನು, ಇಲ್ಲದ ಧ್ವನಿಗಳು ಕೇಳುತ್ತವೆ, ಯಾರೋ ಹಿಂಬಾಲಿಸುತ್ತಿದ್ದಾರೆ ಎನ್ನುವವರನ್ನು, ದಿನಗಟ್ಟಲೆ ನಿದ್ದೆಯಿಲ್ಲದೆ ಉನ್ಮಾದದಲ್ಲಿರುವವರನ್ನು ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ಬಹುಕಾಲ ವಿಪರೀತ ಕುಡಿದವರು ಒಮ್ಮೆಗೇ ಬಿಟ್ಟಾಗ ಬರುವ ನಡುಕ, ಸೆಳವು, ಭ್ರಮೆಗಳು ಪ್ರಾಣಕ್ಕೇ ಅಪಾಯ ತರಬಲ್ಲವು. ಅದನ್ನು ವಿಡಿಯೊ ಕರೆಯಲ್ಲಿ ನಿಭಾಯಿಸಲಾಗದು. ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ, ಠಾಣೆಯಲ್ಲಿ ಪ್ರಾದೇಶಿಕ ಮನೋರೋಗ ಆಸ್ಪತ್ರೆಯಿದೆ. ಹೊಡೆಯುವ ಗಂಡ ಪಕ್ಕದ ಕೋಣೆಯಲ್ಲಿರುವಾಗ ಹೆಂಡತಿ ಮೊಬೈಲಿನಲ್ಲಿ ಮನಸ್ಸು ಬಿಚ್ಚುವುದು ಅವಳಿಗೇ ಕಂಟಕವಾಗಬಹುದು. ದೂರದಲ್ಲಿ ಕುಳಿತ ಚಿಕಿತ್ಸಕರು ಪ್ರತಿ ಸೆಷನ್ನಿನ ಆರಂಭದಲ್ಲಿ ನೀವೀಗ ಎಲ್ಲಿದ್ದೀರಿ ಎಂದು ಕೇಳುವುದು, ಮನೆಯ ವಿಳಾಸವನ್ನೂ ತುರ್ತಿಗೆ ಒಬ್ಬರ ಫೋನ್ ಸಂಖ್ಯೆಯನ್ನೂ ಬರೆದುಕೊಳ್ಳುವುದು ಇದೇ ಕಾರಣಕ್ಕೆ. ನಾಲಾಸೋಪಾರದಲ್ಲಿ ಹತ್ತಿರದ ಆಸ್ಪತ್ರೆ ಯಾವುದೆಂದು ಮೈಸೂರಿನಲ್ಲಿರುವವರಿಗೆ ತಿಳಿದಿರುವುದಿಲ್ಲ. ಇದನ್ನು ಕೇಳದ ಚಿಕಿತ್ಸಕರು ತಮ್ಮ ಕೆಲಸದ ಒಂದು ಭಾಗವನ್ನು ಬಿಟ್ಟಿದ್ದಾರೆ ಎಂದೇ ತಿಳಿಯಬೇಕು.

ಈಗ ಕೋಣೆಯ ವಿಷಯ. ಮಾಟುಂಗದ ಕರ್ನಾಟಕ ಸಂಘ ಮತ್ತು ಮೈಸೂರು ಅಸೋಸಿಯೇಶನ್, ಕುರ್ಲಾದ ಬಂಟರ ಭವನ, ಸಾಂತಾಕ್ರೂಜಿನ ಬಿಲ್ಲವ ಭವನ ಮೊದಲ್ಗೊಂಡು ಉಪನಗರಗಳ ಚಿಕ್ಕ ಚಿಕ್ಕ ಕನ್ನಡ ಸಂಘಗಳವರೆಗೆ ನಮ್ಮವರು ಈ ದುಬಾರಿ ನಗರದಲ್ಲಿ ಸ್ವಂತ ಸೂರುಗಳನ್ನು ಕಟ್ಟಿಕೊಂಡಿದ್ದಾರೆ. ಭಾನುವಾರ ಅವು ತುಂಬಿ ತುಳುಕುತ್ತವೆ. ವಾರದ ಮಧ್ಯಾಹ್ನಗಳಲ್ಲಿ ಅವುಗಳ ಸಣ್ಣ ಕೋಣೆಗಳಲ್ಲಿ ಹೆಚ್ಚಿನವು ಬೀಗ ಹಾಕಿಕೊಂಡಿರುತ್ತವೆ ಎಂಬುದನ್ನು ಉಪನಗರದ ಸಂಘವೊಂದರ ಸಮಿತಿಯಲ್ಲಿದ್ದ ನಾನು ಬಲ್ಲೆ. ಅಂಥ ಒಂದು ಕೋಣೆಯನ್ನು ವಾರದಲ್ಲಿ ಕೆಲವು ತಾಸು ಇದಕ್ಕಾಗಿ ಬಿಟ್ಟುಕೊಡಬೇಕೆಂಬುದು ನನ್ನ ಸೂಚನೆ. ಸಂಘ ಚಿಕಿತ್ಸೆ ಕೊಡಬೇಕಾಗಿಲ್ಲ, ಚಿಕಿತ್ಸಕರನ್ನು ನೇಮಿಸಬೇಕಾಗಿಲ್ಲ, ಯಾರಿಗೆ ಏನಾಗಿದೆಯೆಂದು ತಿಳಿಯಬೇಕಾಗಿಯೂ ಇಲ್ಲ. ಮುಚ್ಚಿದರೆ ಭದ್ರವಾಗಿ ಮುಚ್ಚುವ ಬಾಗಿಲು, ಒಂದು ಕುರ್ಚಿ, ಮೊಬೈಲ್ ನಿಲ್ಲಿಸಲು ಮೇಜು, ವೈಫೈ, ಫ್ಯಾನು, ಒಂದು ತಂಬಿಗೆ ನೀರು ಇದ್ದರೆ ಆಯಿತು. ಮೊಬೈಲ್ ಬಳಕೆ ಸರಿಯಾಗಿ ಗೊತ್ತಿಲ್ಲದ ವಯಸ್ಸಾದವರಿಗೆ ಕರೆ ಜೋಡಿಸಿಕೊಟ್ಟು ಹೊರಗೆ ಬರುವ ಒಬ್ಬ ಕಾಲೇಜು ಹುಡುಗಿಯೋ ಹುಡುಗನೋ ಇದ್ದರೆ ಇನ್ನೂ ಒಳ್ಳೆಯದು.

ಇದರಲ್ಲಿ ಎಡವಲು ಇರುವ ಜಾಗವೂ ಚೆನ್ನಾಗಿ ಗೊತ್ತು. ಕೋಣೆಯ ಮೇಲೆ ಮಾನಸಿಕ ಆರೋಗ್ಯ ಕೇಂದ್ರವೆಂದು ಫಲಕ ಹಾಕಿ, ಗಣ್ಯರಿಂದ ದೀಪ ಬೆಳಗಿಸಿ, ಶಾಲು ಹೊದಿಸಿ, ಛಾಯಾಚಿತ್ರವನ್ನು ತಮ್ಮ ಪತ್ರಿಕೆಗೆ ಕಳಿಸಿದರೆ ಅಲ್ಲಿಗೆ ಮರುದಿನದಿಂದ ಯಾರೂ ಬರುವುದಿಲ್ಲ. ಫಲಕ ಬೇಡ. ಗ್ರಂಥಾಲಯಕ್ಕೆ, ಯಕ್ಷಗಾನ ತರಗತಿಗೆ, ಭಜನೆಗೆ, ಸಾಲದ ಅರ್ಜಿಗೆ ಬರುವವರ ನಡುವೆ ಇವರೂ ಬಂದು ಹೋಗುವಂತಿರಬೇಕು. ಕಾದಿರಿಸುವ ಪುಸ್ತಕದಲ್ಲಿ ಹೆಸರು ಬರೆಸದೆ ತಾಸಿನ ಗುರುತು ಮಾತ್ರ ಇರಲಿ. ಬೀಗದ ಕೈ ಇಟ್ಟುಕೊಳ್ಳುವವರು ಹೊರಗೆ ಕುಳಿತು ಯಾವ ಊರು, ಯಾರ ಮಗ ಎಂದು ವಿಚಾರಿಸುವ ನಮ್ಮ ಹಳೆಯ ಅಕ್ಕರೆಯ ಚಟವನ್ನು ಆ ಹೊತ್ತಿಗೆ ಬಿಡಬೇಕು. ಹೆಂಗಸರಿಗೆ ಮಧ್ಯಾಹ್ನದ ತಾಸುಗಳನ್ನು ಮೀಸಲಿಟ್ಟರೆ ಮನೆಯಲ್ಲಿ ಕಾರಣ ಹೇಳುವುದು ಸುಲಭವಾಗುತ್ತದೆ.

ಇದು ಸಂಘಗಳ ಕೆಲಸವೇ ಎಂದು ಕೇಳುವವರಿರಬಹುದು. ಊರಿನಿಂದ ಬರಿಗೈಯಲ್ಲಿ ಬಂದು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರಿಗಾಗಿ ಫೋರ್ಟ್ ಮತ್ತಿತರ ಕಡೆಗಳಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ತೆರೆದಾಗಲೂ ಶಿಕ್ಷಣ ಸರ್ಕಾರದ ಕೆಲಸವಾಗಿತ್ತು. ದಿನವಿಡೀ ದುಡಿದ ಹುಡುಗನಿಗೆ ಓದಲು ಜಾಗವೂ ಹೊತ್ತೂ ಇಲ್ಲ ಎಂಬುದನ್ನು ಅಂದಿನ ಹಿರಿಯರು ಕಂಡರು, ಅವನ ಬಿಡುವಿನ ಹೊತ್ತಿಗೆ ಬಾಗಿಲು ತೆರೆದರು. ಆ ಶಾಲೆಗಳಲ್ಲಿ ಕಲಿತವರೇ ಮುಂದೆ ಹೋಟೆಲು ಕಟ್ಟಿದರು, ವಕೀಲರಾದರು, ಈಗಿನ ಭವನಗಳಿಗೆ ದೇಣಿಗೆ ಕೊಟ್ಟರು. ಇಂದು ಅದೇ ಹೋಟೆಲುಗಳ ಮಾಲೀಕರಾಗಿರುವವರು ತಮ್ಮ ಕೆಲಸಗಾರ ವಾರಕ್ಕೊಂದು ತಾಸು ಕೇಳಿದರೆ ಕಾರಣ ಕೇಳದೆ ಬಿಟ್ಟುಕೊಡಬಹುದು. ಶಕ್ತಿಯಿದ್ದವರು ಸೆಷನ್ನಿನ ಶುಲ್ಕದಲ್ಲಿ ಒಂದು ಪಾಲನ್ನು ಸಂಘದ ನಿಧಿಯ ಮೂಲಕ, ಯಾರಿಗೆಂದು ತಿಳಿಯದ ಹಾಗೆ, ಭರಿಸಬಹುದು.

ನಮ್ಮ ಬಡಾವಣೆಯ ಸಂಘದ ಮುಂದಿನ ಕಾರ್ಯಕಾರಿ ಸಮಿತಿ ಸಭೆಗೆ ಈ ಪ್ರಸ್ತಾವವನ್ನು ಲಿಖಿತವಾಗಿ ಕಳಿಸುತ್ತಿದ್ದೇನೆ. ಇತರ ಸಂಘಗಳ ಪದಾಧಿಕಾರಿಗಳು ತಮ್ಮಲ್ಲಿ ಇದು ಸಾಧ್ಯವೇ, ಇಲ್ಲವಾದರೆ ತೊಡಕೇನು ಎಂಬುದನ್ನು ತಮ್ಮ ಪತ್ರಿಕೆಯ ಮೂಲಕವೇ ತಿಳಿಸಿದರೆ ಅನುಕೂಲ. ತಮ್ಮಲ್ಲಿಯೂ ಒಂದು ವಿನಂತಿಯಿದೆ: ಪ್ರತಿದಿನ ಪಂಚಾಂಗದ ಪಕ್ಕದಲ್ಲಿ ಸಭೆ–ಸಮಾರಂಭಗಳ ಪಟ್ಟಿ ಅಚ್ಚಾಗುವ ಜಾಗದಲ್ಲಿ, ಕನ್ನಡದಲ್ಲಿ ಉಚಿತವಾಗಿ ಮಾತನಾಡಬಹುದು ಎಂಬ ಒಂದು ಸಾಲಿನೊಡನೆ 14416 ಎಂಬ ಸಂಖ್ಯೆಯನ್ನೂ ಮುದ್ರಿಸಬೇಕು.

ಇಂತಿ,
ತಮ್ಮ ಪತ್ರಿಕೆಯ ಹಳೆಯ ಓದುಗ,
ಡೊಂಬಿವಲಿ ಪೂರ್ವ